ಕೋಳಿ ಹತ್ತಿದ ಬಸ್ಸು

ಠಾಣಾ ಕುಶನೂರದ ನಮ್ಮ ಪಕ್ಕದ ಮನೆಯ ಕಾಕಿ ಹೊಸ ಹಾಡು ಕಟ್ಟಿದ ಕೂಡಲೇ ಸೆರಗು ಸಿಕ್ಕಿಸಿ ಓಣಿಗೆಲ್ಲ ಕಲಿಸುತ್ತಿದ್ದಳು. "ಒಯ್ರಿ, ಹಾಡ್ರಿ, ಬೇಕಾದಂಗ ಬೆಳೆಸ್ರಿ. ಕಟ್ಟಿದಾಕಿ ಹೆಸರಷ್ಟ ಹೇಳ್ರಿ!" ಟಿಕೀಟಿಲ್ಲದೆ ಬೀದರ್ ಬಸ್ಸು ಹತ್ತಿದ ಕೋಳಿಯ ಮೇಲೆ ಅವಳು ಕಟ್ಟಿದ ಹಾಡನ್ನು ನಾನು ಅವಳನ್ನು ಕೇಳಿಯೇ ಇದೇ ಷರತ್ತಿನ ಮುಕ್ತ ಪರವಾನಗಿ ಕೊಟ್ಟು ನೆಟ್ಟಿಗೇರಿಸಿದೆ. ಆ ವರ್ಷ ಬರ ಬಿದ್ದು ಹೈದರಾಬಾದಿಗೆ ದುಡಿಯಲು ಹೋದವರ ಫೋನಿನಲ್ಲಿ ಕೋಳಿಯೂ ಹೋಯಿತು.

ಮಳೆಯಾದ ಮೇಲೊಂದು ದಿನ ಕಾಕಿಯೂ ನಾನೂ ಭಾಲ್ಕಿಯಲ್ಲಿ ಬಸ್ಸು ಹತ್ತಿದರೆ, ಊರಿಗೆ ಮರಳುತ್ತಿದ್ದ ಹೆಂಗಸರು ಕಾಕಿಯ ಹೆಸರು ಹೇಳಿ ಕೋಳಿಯ ಹಾಡನ್ನೇ ಹಾಡುತ್ತಿದ್ದರು. ಕೊನೆಗೊಂದು ಹೊಸ ನುಡಿ ಸೇರಿತ್ತು: ಕೋಳಿ ಹೈದರಾಬಾದಿನ ಲಿಫ್ಟಿನಲ್ಲಿ ತತ್ತಿ ಇಟ್ಟಿತ್ತು! ಕಾಕಿ ಬಿದ್ದು ಬಿದ್ದು ನಕ್ಕು, ಕಣ್ಣೊರೆಸಿಕೊಂಡು ಎದ್ದು ನಿಂತಳು.

"ಈ ತತ್ತಿ ಯಾರದ?"

ಹಿಂದಿನ ಸೀಟಿನ ಹುಡುಗಿ ನಾಚಿ ಮುಖ ಮುಚ್ಚಿಕೊಂಡಳು.

"ಲಗೂ ಹೆಸರ ಹೇಳವ್ವಾ! ಹೆಸರಿಲ್ದ ನಾ ಹ್ಯಾಂಗ ಹಾಡ್ಲಿ?"