ಹಳೇ ಕಾರಿಗೆ ಗಾಳಿ ಬಂದ ಬಗೆ

ಕಾರು ಕೊಳ್ಳುವಾಗ ನಾನು ಹಾರನ್ ಒತ್ತಿ ನೋಡಿದ್ದೆ, ದೀಪ ಹಾಕಿ ನೋಡಿದ್ದೆ, ಎಲ್ಲ ಬಲ್ಲವನಂತೆ ಚಕ್ರಗಳನ್ನು ಒದ್ದೂ ನೋಡಿದ್ದೆ. ಕಿಟಕಿಯ ಗಾಜು ಇಳಿಯುತ್ತದೆಯೇ ಎಂದು ಮಾತ್ರ ನೋಡಲಿಲ್ಲ. ಅದು ಧನುರ್ಮಾಸ. ಹಾಸನದ ಆ ಚಳಿಯಲ್ಲಿ ಗಾಜು ಇಳಿಸುವ ಯೋಚನೆ ಯಾರಿಗೆ ಬಂದೀತು? ಕಾಫಿ ತೋಟದ ದೊರೆಯೊಬ್ಬರು ತಮ್ಮ ದೇಶಕ್ಕೆ ಹೊರಡುವಾಗ ಮಾರಿದ ಆ ಮುದಿ ಕಾರನ್ನು ಹೊಳೆನರಸೀಪುರದ ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿದಾಗ, "ಒಳಗೆ ಎಷ್ಟು ಬೆಚ್ಚಗಿದೆ, ಅಲ್ವೇ!" ಎಂದು ನನ್ನ ಹೆಂಡತಿ ಕಮಲ ಮೆಚ್ಚಿಕೊಂಡಳು. ಆ 'ಬೆಚ್ಚಗೆ'ಯ ಪೂರ್ತಿ ಅರ್ಥ ನಮಗೆ ತಿಳಿದದ್ದು ಶಿವರಾತ್ರಿ ಕಳೆದ ಮೇಲೆ.

ಎಂಜಿನ್ನಿನ ಕಾವು ಕಾಲ ಬಳಿಯ ತೂತುಗಳಿಂದ ಸಲೀಸಾಗಿ ಒಳಗೆ ಬರುತ್ತಿತ್ತು. ಹೊರಗೆ ಹೋಗಲು ಅದಕ್ಕೆ ದಾರಿ ಇರಲಿಲ್ಲ. ಮುಂದಿನ ಗಾಜುಗಳನ್ನು ದೊರೆಯ ಕಾಲದಲ್ಲೇ ಚೌಕಟ್ಟಿಗೆ ಭದ್ರವಾಗಿ ಕೂರಿಸಿಬಿಟ್ಟಿದ್ದರು, ಹಿಂದಿನ ಎರಡೂ ಮೇಲೆಯೇ ಕಚ್ಚಿಕೊಂಡಿದ್ದವು. ಮುಂಗಾಜಿನ ಬುಡದಲ್ಲಿ ಗಾಳಿಗೆಂದೇ ಇದ್ದ ಪುಟ್ಟ ಮುಚ್ಚಳ ತುಕ್ಕು ಹಿಡಿದು ಬೆಸುಗೆ ಹಾಕಿದಂತೆ ಕೂತಿತ್ತು. ಬೆಂಗಳೂರಿನ ಚಿತ್ರಮಂದಿರವೊಂದರಲ್ಲಿ 'ಹವಾನಿಯಂತ್ರಿತ' ಎಂಬ ಬೋರ್ಡು ನೋಡಿದ್ದೆ. ಅದನ್ನು ನನ್ನ ಕಾರಿಗೂ ಹಾಕಬಹುದಿತ್ತು. ಹವೆಯನ್ನು ಅಷ್ಟು ಬಿಗಿಯಾಗಿ ನಿಯಂತ್ರಿಸಿದ ಇನ್ನೊಂದು ವಾಹನ ಜಿಲ್ಲೆಯಲ್ಲೇ ಇರಲಿಲ್ಲ. ವಕೀಲನಾದ ನಾನು ಕರಿ ಕೋಟು ತೊಟ್ಟು ಅದರಿಂದ ಕೋರ್ಟಿನ ಮುಂದೆ ಇಳಿದರೆ, "ಈಜಿಕೊಂಡು ಬಂದಿರಾ?" ಎಂದು ಮುನ್ಸೀಫರೇ ಕೇಳುತ್ತಿದ್ದರು. ಬೆವರಿದರೂ ಕಾರಿನವನು ಎಂಬ ಹೆಮ್ಮೆಯಲ್ಲಿ ಒಂದು ವರ್ಷ ದೂಡಿದೆ.

ಮರುವರ್ಷದ ಮೇ ತಿಂಗಳಲ್ಲಿ ಹಳ್ಳಿಮೈಸೂರಿನ ಜವರೇಗೌಡರು ಮನೆಗೆ ಬಂದರು. ನನ್ನ ಹಳೆಯ ಕಕ್ಷಿದಾರರು. ತಲೆಯ ರುಮಾಲು ತೆಗೆದದ್ದನ್ನು ನಾನು ಎಂದೂ ನೋಡಿರದ ಗಂಭೀರ ಮನುಷ್ಯ. ಅವರ ಸೊಸೆ ಪುಟ್ಟಮ್ಮನಿಗೆ ಹಾಸನದ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಅವಳಿ ಮಕ್ಕಳನ್ನು ತೆಗೆದಿದ್ದರು. ಅಷ್ಟರಲ್ಲಿ ವಾರ್ಡಿನಲ್ಲಿ ದಡಾರ ಕಾಣಿಸಿಕೊಂಡು, ಬಾಣಂತಿಯರನ್ನು ಮನೆಗೆ ಕಳಿಸುತ್ತಿದ್ದರು.

"ಬಸ್ಸು, ಎತ್ತಿನಗಾಡಿ ಎಲ್ಡೂ ಬ್ಯಾಡ ಅಂದವ್ರೆ ಡಾಕ್ಟ್ರಮ್ಮ. ಹೊಲಿಗೆ ಅಲುಗಬಾರ್ದಂತೆ," ಎಂದರು ಗೌಡರು. "ಕಾರಾದ್ರೆ ಆಯ್ತದೆ, ಆದ್ರೆ ಸೆಕೆ ತಾಗುದ್ರೆ ಮಕ್ಳು ತಡಿಯಕಿಲ್ಲ ಅಂದ್ರು. ನಿಮ್ ಕಾರು ಐತಲ್ಲ ಸಾ, ಶುಕ್ರವಾರಕ್ಕೆ ಬತ್ತೀರಾ?"

ನನ್ನ ಕಾರಿನ ಒಳಗಿನ ಸಂಗತಿ ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ. "ಬರ್ತೀನಿ ಗೌಡರೇ," ಎಂದುಬಿಟ್ಟೆ. ಅವರು ಹೋದ ಮೇಲೆ ಕಮಲ, "ಆ ಎಳೆ ಕೂಸುಗಳನ್ನ ಆ ಹಂಡೆಯೊಳಗೆ ಕೂರಿಸ್ತೀರಾ?" ಎಂದಳು. ಉತ್ತರ ಕೊಡಲು ಮೂರು ದಿನ ಉಳಿದಿತ್ತು.

ಹಾಸನದ ಮೆಕ್ಯಾನಿಕ್ ಒಬ್ಬ ಕಾರಿನ ಸುತ್ತ ಒಂದು ಸುತ್ತು ಬಂದು, ಸಾಮಾನು ಮದರಾಸಿನಿಂದ ಬರಬೇಕು, ಬರುವುದು ಅನುಮಾನ, ಅದರ ದುಡ್ಡಿನಲ್ಲಿ ಇನ್ನೊಂದು ಕಾರು ಕೊಳ್ಳಬಹುದು ಎಂದ. ಹೆಚ್ಚು ಕಲಿತವರೇ ಕೈ ಚೆಲ್ಲಿದ ಮೇಲೆ ಅರಕಲಗೂಡಿನ ಬಾಷಾ ಸಾಬರು ನೆನಪಾದರು. ಡಬ್ಬ, ಆಲಿಕೆ, ಲಾಟೀನು ಮಾಡುವ ತಗಡಿನ ಕೆಲಸದ ಮುದುಕರು. ಅವರು ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡು, ನೂರು ಎಣಿಸುವಷ್ಟು ಹೊತ್ತು ಬೆವರಿ, ಹೊರಗೆ ಬಂದರು.

"ತಂಪು ಮಾಡೋದು ಆಮೇಲೆ ವಕೀಲ್ ಸಾಬ್. ಮೊದಲು ಬಿಸಿ ಬರೋ ದಾರಿ ಮುಚ್ಚೋಣ, ಹೋಗೋ ದಾರಿ ಬಿಡೋಣ," ಎಂದರು.

ಎಷ್ಟು ಸಣ್ಣ ಮಾತು! ದೊಡ್ಡಗದ್ದವಳ್ಳಿಯ ಗುಡಿಯೊಳಗೆ ನಡುಮಧ್ಯಾಹ್ನ ಕೂತು, ಈ ತಂಪನ್ನು ಹೊಯ್ಸಳರ ಕಾಲದವರು ಎಲ್ಲಿಂದ ತಂದಿಟ್ಟರು ಎಂದು ನಾನು ಬೆರಗಾದದ್ದುಂಟು. ಅವರು ಎಲ್ಲಿಂದಲೂ ತರಲಿಲ್ಲ, ಬಿಸಿಲನ್ನು ಒಳಗೆ ಬಿಡಲಿಲ್ಲ, ಅಷ್ಟೆ. ಇಷ್ಟನ್ನು ತಿಳಿಯಲು ನನಗೆ ಒಂದು ಕಾರು ಬೇಕಾಯಿತು.

ಸಾಬರು ಕಾಲ ಬಳಿಯ ತೂತುಗಳಿಗೆ ತಗಡು ಬಡಿದು ಮೇಲೆ ಕಂಬಳಿ ಹಾಸಿದರು. ಮುಂಗಾಜಿನ ಬುಡದ ಮುಚ್ಚಳಕ್ಕೆ ಸೀಮೆಎಣ್ಣೆ ಕುಡಿಸಿ, ಒಂದು ಹಗಲೆಲ್ಲ ಮೆಲ್ಲನೆ ತಟ್ಟಿದರು. ಅದು ತೆರೆದ ಗಳಿಗೆಯಲ್ಲಿ ನಾನು ಒಳಗೆ ಬಗ್ಗಿ ನೋಡುತ್ತಿದ್ದೆ. ದೊರೆಯ ಕಾಲದ ಒಣಗಿದ ಎಲೆ, ಧೂಳು, ಇಲಿಯ ಗೂಡು ಎಲ್ಲವೂ ಒಟ್ಟಿಗೆ ನನ್ನ ಮುಖದ ಮೇಲೆ ಬಿದ್ದವು. ಆ ಕಂಡಿಗೆ ಅಡ್ಡವಾಗಿ ಲಾವಂಚದ ಬೇರಿನ ತುಂಡು ಚಾಪೆ ಕಟ್ಟಿ, ಅದರ ಮೇಲೆ ಹನಿಹನಿಯಾಗಿ ನೀರು ತೊಟ್ಟಿಕ್ಕಲು ತೂತಿನ ಡಬ್ಬವೊಂದನ್ನು ಕೂರಿಸಿದರು. ಹಿಂದಿನ ಗಾಜುಗಳನ್ನು ಅಲುಗಿಸಿ ಬಿಡಿಸಿದ ಮೇಲೆ, ಅವನ್ನು ಬೇಕಾದಷ್ಟೇ ಎತ್ತಿ ನಿಲ್ಲಿಸಲು ತೊಗಲಿನ ಪಟ್ಟಿ ಬೇಕಾಯಿತು. ಒಂದು ಕಡೆಗೆ ಎತ್ತಿನ ಕೊರಳಪಟ್ಟಿ ಸಿಕ್ಕಿತು. ಇನ್ನೊಂದು ಕಡೆಗೆ ಸಾಬರು ನನ್ನ ಸೊಂಟ ನೋಡಿದರು. ಆ ಸಂಜೆ ನಾನು ಒಂದು ಕೈಯಲ್ಲಿ ಸ್ಟೀರಿಂಗನ್ನೂ ಇನ್ನೊಂದರಲ್ಲಿ ಪ್ಯಾಂಟನ್ನೂ ಹಿಡಿದು ಊರು ಸೇರಿದೆ. ಆದರೆ ದಾರಿಯುದ್ದಕ್ಕೂ ಲಾವಂಚದ ಘಮದ ತಣ್ಣನೆಯ ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಒಬ್ಬನೇ ಇದ್ದರೂ ಗಟ್ಟಿಯಾಗಿ ನಕ್ಕೆ.

ಶುಕ್ರವಾರ ಬೆಳಗಿನ ತಂಪಿನಲ್ಲೇ ಹೊರಡೋಣವೆಂದರೆ, ಡಾಕ್ಟರಮ್ಮ ಬಾಣಂತಿಯನ್ನು ನೋಡಿ ಕಳಿಸುವಾಗ ಹನ್ನೊಂದು ದಾಟಿತ್ತು. ಮುಂದೆ ನಾನು ಮತ್ತು ಗೌಡರು, ಹಿಂದೆ ಪುಟ್ಟಮ್ಮ, ಅವಳ ಅತ್ತೆ ನಿಂಗಮ್ಮ, ಇಬ್ಬರ ಮಡಿಲಲ್ಲಿ ಒಂದೊಂದು ಕೂಸು. ಕಾಲ ಬಳಿ ಒಂದು ಬಿಂದಿಗೆ ನೀರು. ಕಾರು ಓಡುತ್ತಿದ್ದಷ್ಟು ಹೊತ್ತು ಎಲ್ಲವೂ ಸೊಗಸಾಗಿತ್ತು. ಹೊಳೆನರಸೀಪುರದ ಹತ್ತಿರ ರೈಲ್ವೆ ಗೇಟು ಹಾಕಿತ್ತು.

ಓಡದ ಕಾರಿಗೆ ಗಾಳಿ ಎಲ್ಲಿಂದ ಬರಬೇಕು? ಇದು ನನಗೂ ಹೊಳೆದಿರಲಿಲ್ಲ, ಸಾಬರಿಗೂ ಹೊಳೆದಿರಲಿಲ್ಲ. ಕಾಲು ಗಂಟೆಯಾದರೂ ರೈಲಿನ ಸುಳಿವಿಲ್ಲ. ಇಳಿದು ಕೂರಲು ಹತ್ತಿರದಲ್ಲಿ ಒಂದು ಮರದ ನೆರಳೂ ಇಲ್ಲ. ಒಂದು ಕೂಸು ಅತ್ತಿತು. ಇನ್ನೊಂದು ಅಳಲೂ ಇಲ್ಲ, ಕೆಂಪಗಾಗಿ ಬಾಯಿ ಬಿಡುತ್ತಿತ್ತು.

"ಅಯ್ಯೋ, ಮಗ ಸುಸ್ತಾಗೈತೆ ಕಣ್ರೀ!" ಎಂದು ನಿಂಗಮ್ಮ ಕೂಗಿದರು. ನನ್ನ ಕೈಕಾಲು ತಣ್ಣಗಾದವು. ಆ ಕಾರಿನೊಳಗೆ ಆಗ ತಣ್ಣಗಿದ್ದದ್ದು ಅವಷ್ಟೇ.

ಗೌಡರು ಕೆಳಗಿಳಿದರು. ಬಗ್ಗಿ ಒಂದು ಚಿಟಿಕೆ ಮಣ್ಣು ತೆಗೆದು, ಕಣದಲ್ಲಿ ರಾಗಿ ತೂರುವ ಮುಂಚೆ ಗಾಳಿ ನೋಡುವ ಹಾಗೆ ಮೇಲಿನಿಂದ ಬಿಟ್ಟರು. ಮಣ್ಣು ಸಣ್ಣಗೆ ಓರೆಯಾಗಿ ಹಾರಿತು.

"ಪಡುವಲ ಗಾಳಿ ಐತೆ. ಗಾಡಿ ಅಡ್ಡ ತಿರುಗ್ಸಿ ಸಾ! ಏ, ಬನ್ರಪ್ಪಾ ಇಲ್ಲಿ, ಒಂದ್ ಕೈ ಹಾಕಿ!"

ಗೇಟಿನಲ್ಲಿ ಕಾದಿದ್ದ ಗಾಡಿಯವರು ನಾಲ್ಕು ಜನ ಬಂದು ಕಾರನ್ನು ತಳ್ಳಿ ರಸ್ತೆಗೆ ಅಡ್ಡ ನಿಲ್ಲಿಸಿದರು. ನಾನು ಎರಡೂ ಪಟ್ಟಿ ಬಿಚ್ಚಿ ಗಾಜುಗಳನ್ನು ಪೂರಾ ಇಳಿಸಿದೆ. ಅಷ್ಟರಲ್ಲಿ ಗೌಡರು ತಮ್ಮ ರುಮಾಲನ್ನು ಬಿಚ್ಚಿದರು. ಅಷ್ಟು ಜನರೆದುರು ಬರಿದಲೆಯಲ್ಲಿ ನಿಂತು, ಅದನ್ನು ಬಿಂದಿಗೆಯಲ್ಲಿ ಅದ್ದಿ, ಗಾಳಿ ಬರುವ ಕಡೆಯ ಕಿಟಕಿಗೆ ಪರದೆಯಂತೆ ಕಟ್ಟಿದರು. ಒದ್ದೆ ಬಟ್ಟೆ ಉಬ್ಬಿತು. ಅದರೊಳಗಿಂದ ತೂರಿ ಬಂದ ಗಾಳಿಗೆ ಪುಟ್ಟಮ್ಮನ ಹಣೆಯ ಕೂದಲು ಅಲುಗಿತು. ಸ್ವಲ್ಪ ಹೊತ್ತಿಗೆ ಕೆಂಪಗಾಗಿದ್ದ ಕೂಸು ಬಾಯಿ ಮುಚ್ಚಿತು, ಸೀನಿತು, ಆಮೇಲೆ ಊರಿಗೇ ಕೇಳುವ ಹಾಗೆ ಅಳತೊಡಗಿತು. ಅಷ್ಟು ಇಂಪಾದ ಅಳುವನ್ನು ನಾನು ಕೇಳಿಲ್ಲ. ಗಾಡಿಯವರು ಚಪ್ಪಾಳೆ ತಟ್ಟಿದರು.

"ಬದುಕ್ತು ಬುಡಿ, ನಮ್ ವಂಶದ ಗಂಟ್ಲೇ ಅದು," ಎಂದರು ಗೌಡರು.

ಹಳ್ಳಿಮೈಸೂರಿನಲ್ಲಿ ಕಾರನ್ನು ಹುಣಸೆ ಮರದ ಕೆಳಗೆ, ಈ ಸಲ ಗಾಳಿ ನೋಡಿಯೇ ನಿಲ್ಲಿಸಿದೆ. ರುಮಾಲಿಗೆ ಇನ್ನೊಮ್ಮೆ ನೀರು ಚಿಮುಕಿಸಿದೆವು. ಆರತಿ ತಟ್ಟೆ ಹಿಡಿದು ಹೆಂಗಸರು ಬಾಗಿಲಲ್ಲಿ ಕಾದಿದ್ದರು. ಪುಟ್ಟಮ್ಮ ಇಳಿಯಲಿಲ್ಲ.

"ಇಳಿಯವ್ವ, ಮನೆ ಬಂತು," ಎಂದರು ನಿಂಗಮ್ಮ.

"ಒಳಗೆ ಸೆಕೆ ಕಣತ್ತೆ. ಒಂದ್ಗಳಿಗೆ ಇಲ್ಲೇ ಕುಂತಿರ್ತೀನಿ," ಎಂದಳು ಅವಳು.

ನೆರೆದವರೆಲ್ಲ ನಕ್ಕರು. ಆರತಿಯೇ ಕಾರಿನ ಬಳಿಗೆ ಬಂತು. ಆಮೇಲೆ ಅವಳ ಓರಗಿತ್ತಿ ಮುಂದಿನ ಸೀಟಿನಲ್ಲಿ ಕೂತು ನೋಡಿದಳು, ಓಣಿಯ ಮುದುಕಿಯರು ಸರದಿಯಲ್ಲಿ ಕೂತು ನೋಡಿದರು. ಕಾರಿನ ಯಜಮಾನನಾದ ನನಗೆ ಮಾತ್ರ ಒಳಗೂ ಜಾಗ ಸಿಗಲಿಲ್ಲ, ನೆರಳಿನಲ್ಲೂ ಸಿಗಲಿಲ್ಲ. ಬರಿದಲೆಯ ಗೌಡರ ಪಕ್ಕದಲ್ಲಿ ಸುಡುಬಿಸಿಲಿಗೆ ನಿಂತು ಬೆವರುತ್ತಿದ್ದೆ. ಬೆವರುವುದರಲ್ಲಿಯೂ ಇಷ್ಟು ಸುಖವಿದೆ ಎಂದು ನನಗೆ ಗೊತ್ತಿರಲಿಲ್ಲ.