ಯಂತ್ರ ಕತ್ತರಿಸಿದ ಮೊದಲ ಕೀಲಿಕೈ

ಕಣ್ಣು ಮಂಜಾಗಿ ಮಾಮಾ ಕೀಲಿಕೈ ತಪ್ಪು ಕತ್ತರಿಸಿದ, ಅದಕ್ಕೇ ಖಾನಾಪುರದ ಅಂಗಡಿ ಮುಚ್ಚಿತು ಎಂಬುದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುವ ಕಥೆ. ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಮನೆಗೆ ನೆಂಟರು ಬಂದಾಗೆಲ್ಲ ಅವ್ವ ಇದನ್ನು ಹೇಳುತ್ತಾಳೆ. ಈಗ ನಮ್ಮಲ್ಲೇ ಇರುವ ಅವಳ ಅಣ್ಣ, ಅಂದರೆ ಮಾಮಾ, ಪಕ್ಕದಲ್ಲೇ ಕುಳಿತು ಹೂಂಗುಡುತ್ತಾನೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಮೊದಲು ಕಲಿತದ್ದು, ಎಲ್ಲರೂ ಒಪ್ಪಿದ ಮಾತಿಗೆ ಸಾಕ್ಷಿ ಯಾರು ಎಂದು ಕೇಳುವುದು. ಈ ಮಾತಿಗೆ ಸಾಕ್ಷಿ ಇಬ್ಬರೇ. ಒಬ್ಬ ಮಾಮಾ. ಇನ್ನೊಬ್ಬಳು ಇಷ್ಟು ವರ್ಷ ಬಾಯಿ ಬಿಡದ ನಾನು.

ಬಸ್ ನಿಲ್ದಾಣದ ಎದುರಿನ ಓಣಿಯಲ್ಲಿ ಒಂದು ಮೇಜು, ನಾಲ್ಕು ಅರಗಳು, ಹಿತ್ತಾಳೆಯ ಪುಡಿ ಉದುರಿ ಉದುರಿ ಹಳದಿಯಾದ ಅವನ ಧೋತರ. ರಜೆಯಲ್ಲಿ ನಾನು ಅಲ್ಲೇ ಬಿದ್ದಿರುತ್ತಿದ್ದೆ. ಬೀಗಕ್ಕೆ ನಮ್ಮ ಕಡೆ ಕೀಲಿ ಎನ್ನುತ್ತೇವೆ. ಬರೀ ಕೀಲಿಕೈ ತಂದರೆ ಮಾಮಾ ನಕಲು ಮಾಡುತ್ತಿರಲಿಲ್ಲ; ಕೀಲಿಯೂ ಬೇಕು, ಅದರಲ್ಲಿ ತಿರುಗಿಸಿ ನೋಡಿಯೇ ಕೊಡುವವನು.

"ಕೀಲಿ ಇಲ್ಲಿ ತಂದ್ರ ನಮ್ಮ ಮನಿ ಗತಿ ಏನ್ರಿ?" ಎಂದು ಕೇಳಿದವರಿಗೆ, ಗೋಡೆಯ ಮೊಳೆಗೆ ತೂಗಿಸಿದ ಹಳೆಯ ಕೀಲಿಗಳ ಗೊಂಚಲಿನಿಂದ ಒಂದನ್ನು ಬಿಚ್ಚಿಕೊಡುತ್ತಿದ್ದ. "ಇದನ್ನ ಹಾಕ್ರಿ, ಅದನ್ನ ತರ್ರಿ." ಹೆಸರು ಕೇಳುತ್ತಿರಲಿಲ್ಲ. ಕೊಟ್ಟ ಕೀಲಿ ಹಿಂದೆ ಬಾರದೆ ಉಳಿದದ್ದು ನನಗೆ ನೆನಪಿಲ್ಲ.

ಕಣ್ಣಿನ ಪೊರೆ ತೆಗೆಸಿದ ಮೇಲೂ ಮಾಮಾನ ನೋಟ ಪೂರ್ತಿ ತಿಳಿಯಾಗಲಿಲ್ಲ; ಅಂಗಡಿ ಸಾಕುಮಾಡು ಎಂದು ಮನೆಯವರೆಲ್ಲ ಗಂಟುಬಿದ್ದರು. ನಾನೊಬ್ಬಳೇ ವಿರೋಧ ಪಕ್ಷ. ಕಣ್ಣಿನ ಕೆಲಸ ಯಂತ್ರ ಮಾಡುವಾಗ ಮಾಮಾ ಅಂಗಡಿ ಬಿಟ್ಟು ಯಾಕೆ ಏಳಬೇಕು ಎಂದು ವಾದಿಸಿ ಗೆದ್ದೆ. ಬೆಳಗಾವಿಯಲ್ಲಿ ಕೊಂಡ ಯಂತ್ರವನ್ನು ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಕಾಲುಗಳ ನಡುವೆ ಹಿಡಿದುಕೊಂಡು ಇಬ್ಬರೂ ಖಾನಾಪುರಕ್ಕೆ ತಂದೆವು.

ಮೇಜು ಅದುರದಂತೆ ಟಯರಿನ ತುಂಡು ಹಾಸಿ ನಟ್ಟು ಬಿಗಿದೆವು. ಯಂತ್ರಕ್ಕೆ ಎರಡು ದವಡೆ. ಒಂದರಲ್ಲಿ ಹಳೆಯ ಕೀಲಿಕೈ, ಇನ್ನೊಂದರಲ್ಲಿ ಹೊಸದು. ಉಕ್ಕಿನ ಮೊನೆಯೊಂದು ಹಳೆಯದರ ಹಲ್ಲುಗಳ ಮೇಲೆ ಏರಿಳಿದಂತೆ, ತಿರುಗುವ ಚಕ್ರ ಹೊಸದರಲ್ಲಿ ಅದೇ ಏರಿಳಿತ ಕೊರೆಯುತ್ತದೆ. ಮೊದಲು ಹಲ್ಲಿಲ್ಲದ ಎರಡು ಕೀಲಿಕೈ ಕಚ್ಚಿಸಿ, ಮೊನೆ ಒಂದಕ್ಕೆ ತಾಗಿದ ಕ್ಷಣದಲ್ಲೇ ಚಕ್ರ ಇನ್ನೊಂದನ್ನು ಸವರುವಂತೆ ತಿರುಪು ಹೊಂದಿಸಬೇಕು. ಕರೆಂಟು ಹಾಕದೆ ಚಕ್ರವನ್ನು ಬೆರಳಿನಿಂದ ತಿರುಗಿಸುತ್ತ, ಕಣ್ಣುಮುಚ್ಚಿ, ಬರೀ ಸಪ್ಪಳ ಕೇಳಿ ಮಾಮಾ ಅದನ್ನು ಹೊಂದಿಸಿದ. ಕಣ್ಣು ತಪ್ಪಿತು ಎನ್ನುವವರು ಇದಕ್ಕೆ ಉತ್ತರ ಕೊಡಲಿ.

ಮಧ್ಯಾಹ್ನ ಕಣಕುಂಬಿಯಿಂದ ಒಬ್ಬ ಹೆಂಗಸು ಬಂದಳು. ಸೊಸೆಗೊಂದು ಕೀಲಿಕೈ ಬೇಕಿತ್ತು.

"ಕೀಲಿ ಎಲ್ಲೈತ್ರಿ, ಅಕ್ಕಾರ?"

"ಮನಿಗೆ ಹಾಕಿ ಬಂದೀನ್ರಿ. ತರಾಕ ಮತ್ತ ನಾಳಿ ಬಸ್ ಹತ್ತಬೇಕು ನೋಡ್ರಿ."

ಮಾಮಾ ಮೊಳೆಯತ್ತ ಕೈ ಚಾಚಿದ. ನಾನು ಅಡ್ಡ ಬಂದೆ.

"ಮಾಮಾ, ಯಂತ್ರ ಇದ್ದದ್ದು ಇದ್ದಂಗ ತಗೀತೈತಿ. ಈ ಕೀಲಿಕೈ ಆ ಕೀಲಿಗೆ ಹತ್ತಿದ್ರ, ಇದರಂಗ ಇರೂ ಇನ್ನೊಂದು ಯಾಕ ಹತ್ತಂಗಿಲ್ಲ? ಹೇಳು ನೋಡೂಣು."

"ವಕೀಲಬಾಯಾರ, ನಿಮ್ಮ ಮುಂದ ಗೆದ್ದವರು ಯಾರದಾರ್ರಿ!"

ಮಾಮಾ ನಕ್ಕ. ಆ ಹೆಂಗಸೂ ನಕ್ಕಳು. ಮಾಮಾ ಕೀಲಿಕೈಯ ಹಲ್ಲುಗಳ ಮೇಲೆ ಹೆಬ್ಬೆರಳು ಆಡಿಸಿದ, ಎರಡು ಸಲ.

"ಭಾಳ ದುಡದೈತಿ ಇದು."

"ನಾ ಮದುವಿಯಾಗಿ ಬಂದಾಗಿಂದ ಐತ್ರಿ."

ಅವನು ನನ್ನ ಮುಖ ನೋಡಿದ. ಗುಂಡಿ ಒತ್ತಿದ.

ವಾರದೊಳಗೆ ಆಕೆ ತಿರುಗಿ ಬಂದಳು. ಹೊಸ ಕೀಲಿಕೈ ತಿರುಗಿಲ್ಲ. ಆಕೆ ಮನೆಗೆ ಬರುವ ತನಕ ಸೊಸೆ ಅಂಗಳದಲ್ಲೇ ನಿಂತಿದ್ದಳಂತೆ. ಹಳೆಯದರ ಹಲ್ಲು ಸವೆದಿದ್ದವು. ತುಸು ಎತ್ತಿ, ಒತ್ತಿ ತಿರುಗಿಸುವ ರೂಢಿ ಆಕೆಯ ಕೈಗಿತ್ತು, ಸೊಸೆಯ ಕೈಗಿರಲಿಲ್ಲ. ಯಂತ್ರ ನಾನು ಹೇಳಿದಂತೆಯೇ ಇದ್ದದ್ದನ್ನು ಇದ್ದಂತೆ ತೆಗೆದಿತ್ತು, ಸವಕಳಿಯನ್ನೂ ಸೇರಿಸಿ. ಕೀಲಿ ಎದುರಿಗಿದ್ದಿದ್ದರೆ ಮಾಮಾ ಅಲ್ಲೇ ತಿದ್ದಿರುತ್ತಿದ್ದ.

ನಾನು ಬಾಯಿ ತೆರೆಯುವ ಮೊದಲೇ ಅವನು, "ಯಂತ್ರಕ್ಕ ಹಚ್ಚೂವಾಗ ನನ್ನ ಕಣ್ಣು ತಪ್ಪಿತ್ರಿ, ಅಕ್ಕಾರ," ಎಂದು ಮೊಳೆಯಿಂದ ಕೀಲಿಯೊಂದನ್ನು ಬಿಚ್ಚಿಕೊಟ್ಟ. ಮರುದಿನ ಆಕೆ ತನ್ನ ಕೀಲಿ ತಂದಳು. ಅರ ಹಿಡಿದು ಹೊಸದೊಂದನ್ನು ತಿದ್ದಿದ. ಬೆಣ್ಣೆಯ ಹಾಗೆ ತಿರುಗಿತು. ಅವನ ಕೈಯಿಂದ ನಾನು ಕಂಡ ಕೊನೆಯ ಕೀಲಿಕೈ ಅದು. ಊಟದ ಡಬ್ಬಿ ತಂದಿದ್ದ ಮಾಮಿ ಹಿಂದಿನ ದಿನವೇ "ಕಣ್ಣು ತಪ್ಪಿತು" ಎಂಬ ಮಾತು ಕೇಳಿಸಿಕೊಂಡಿದ್ದಳು. ಅಂದು ಸಂಜೆಗೇ ಬೆಳಗಾವಿಗೆ, ಅವ್ವನಿಗೆ ಫೋನು ಹೋಗಿತ್ತು. ಆ ತಿಂಗಳೇ ಅಂಗಡಿ ಮುಚ್ಚಿಸಿದರು. ವೇದಿಕೆಯ ಮೇಲೆ ಎರಡೂ ಪಕ್ಷ ವಹಿಸಿ ಮಾತಾಡಬಲ್ಲ ನಾನು ಅಂದು ಒಂದು ಪಕ್ಷಕ್ಕೂ ಬಾಯಿ ತೆರೆಯಲಿಲ್ಲ.

ಯಂತ್ರ ಈಗ ನಮ್ಮ ಮೆಟ್ಟಿಲ ಕೆಳಗಿದೆ. ಕೀಲಿಗಳ ಗೊಂಚಲು ಮಾಮಾನ ಮಂಚದ ಕಾಲಿಗೆ ಕಟ್ಟಿದೆ. ಒಮ್ಮೊಮ್ಮೆ ಅವನು ಅದನ್ನು ಮುಟ್ಟಿದಾಗ ಆಗುವ ಸಪ್ಪಳಕ್ಕೆ ನನಗೆ ಆ ಓಣಿಯೇ ಎದುರು ಬಂದಂತಾಗುತ್ತದೆ.

ನಿನ್ನೆ ನೆಂಟರ ಮುಂದೆ ಮತ್ತೆ ಅದೇ ಕಥೆ, ಮತ್ತೆ ಅವನ ಹೂಂ. ಅವರು ಹೋದ ಮೇಲೆ ಅವನ ಬಾಜು ಕುಳಿತು ಕೇಳಿದೆ:

"ಮಾಮಾ, ಹೆಬ್ಬಟ್ಟು ಆಡಿಸಿದಾಗನ ಹಲ್ಲು ಸವದಾವಂತ ನಿನಗ ಗೊತ್ತಾಗಿತ್ತು, ಹೌದಿಲ್ಲೋ? ಮತ್ತ ನನ್ನ ಯಾಕ ಗೆಲ್ಲಾಕ ಬಿಟ್ಟಿ?"