ಪಾಂಡಿಚೇರಿ ಕಡಲಿಗೆ ಅತ್ತೆಯ ಬಾಗಿನ

ಮಾವಿನ ಸುಗ್ಗಿ ಮುಗಿದು ಮಂಡಿ ಖಾಲಿಯಾದ ವಾರವೇ ನಾವು ಶ್ರೀನಿವಾಸಪುರ ಬಿಟ್ಟೆವು. ಎರಡನೇ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ, ಪೆಟ್ರೋಲು ಕೇಳಿದಷ್ಟು ಸಿಗುತ್ತಿತ್ತು. ಹೊರಟಿದ್ದು ಪಾಂಡಿಚೇರಿಗೆ. ಸಮುದ್ರದ ದಡದ ಊರು, ಫ್ರೆಂಚರ ಆಳ್ವಿಕೆ, ಅಂದರೆ ನಮ್ಮ ಲೆಕ್ಕಕ್ಕೆ ಪರದೇಶ. ಕಾರು ಓಡಿಸಿದವಳು ನಾನು. ಹೆಂಗಸು ಕಾರು ಓಡಿಸಬಾರದೆಂದು ಯಾವ ಶಾಸ್ತ್ರದಲ್ಲೂ ಇಲ್ಲ. ಇದ್ದರೂ ನಾನು ಓದಿಲ್ಲ. ಹಣ್ಣಿನ ವ್ಯಾಪಾರಿಯಾದ ನನ್ನ ಗಂಡನಿಗೆ ಸ್ಟೀರಿಂಗ್ ಹಿಡಿದರೆ ಕೈ ನಡುಗುತ್ತಿತ್ತು, ನನಗೆ ನಡುಗುತ್ತಿರಲಿಲ್ಲ.

ದಾರಿಯಲ್ಲಿ ದೇವರಾಯಸಮುದ್ರದಲ್ಲಿ ನನ್ನ ಸೋದರತ್ತೆ ನಂಜಮ್ಮನನ್ನು ಹತ್ತಿಸಿಕೊಂಡೆವು. ಅತ್ತೆ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ಕೆರೆ ತುಂಬಿ ಕೋಡಿ ಹರಿದ ವರ್ಷ ಊರಿನ ಮುತ್ತೈದೆಯರು ಮೊರದಲ್ಲಿ ಅರಿಶಿನ ಕುಂಕುಮ, ಹಸಿರು ಬಳೆ, ಬೇಳೆ ಬೆಲ್ಲ ತುಂಬಿ, ಮೇಲೆ ಇನ್ನೊಂದು ಮೊರ ಮುಚ್ಚಿ, ಗಂಗಮ್ಮನಿಗೆ ಬಾಗಿನವೆಂದು ನೀರಿಗೆ ಬಿಡುತ್ತಿದ್ದರು. ಬೇಳೆ ಹಸನು ಮಾಡಿಕೊಡುತ್ತಿದ್ದವಳು ಅತ್ತೆ. ಬಾಗಿನ ಬಿಡುವಾಗ ವಿಧವೆಯೆಂದು ಏರಿಯ ಆ ತುದಿಯಲ್ಲಿ ದೂರ ನಿಲ್ಲುತ್ತಿದ್ದವಳೂ ಅವಳೇ. ಒಮ್ಮೆಯಾದರೂ ತನ್ನ ಕೈಯಾರೆ ಬಾಗಿನ ಬಿಡಬೇಕೆಂಬುದು ಅವಳ ಆಸೆ. ಊರ ಕೆರೆಯಲ್ಲಿ ಅದಾಗದು, ಸಮುದ್ರಕ್ಕಾದರೂ ಬಿಡೋಣವೆಂದೇ ಅವಳು ಮೊರದ ಜೊತೆ ಬಂದು ಕಾರಿನಲ್ಲಿ ಕೂತಿದ್ದಳು.

ಅವಳ ತಮ್ಮ, ನನ್ನ ಚಿಕ್ಕಪ್ಪ, ಕಿಟಕಿಗೆ ತಲೆ ಹಾಕಿದ. "ಏನೇ ನಂಜಿ, ಮುಂಡೆ ಕೈಲಿ ಬಾಗಿನಾನಾ? ಗಂಗಮ್ಮ ಮೂಸಿ ಕೂಡ ನೋಡಲ್ಲ!"

"ನಿನ್ನ ಕೆರೇಗೆ ಬಿಡ್ತಿಲ್ವಲ್ಲ, ಸುಮ್ನಿರು" ಅಂದಳು ಅತ್ತೆ. ಅವನು ಮುಂದೆ ಹೇಳಿದ್ದು ಕೇಳಿಸದಂತೆ ನಾನು ಹಾರನ್ ಒತ್ತಿ ಹಿಡಿದೆ.

ನಂಗಲಿ ದಾಟಿ ಪಲಮನೇರಿನಲ್ಲಿ ಇಡ್ಲಿ ತಿಂದೆವು. ಮೊಗಿಲಿ ಘಾಟಿ ಇಳಿಯುವಾಗ ಬ್ರೇಕು ಸುಟ್ಟ ವಾಸನೆ ಬಂದು ಗಂಡ ದೇವರನ್ನೆಲ್ಲ ಕರೆದ. ಚಿತ್ತೂರು, ವೆಲ್ಲೂರು ಕಳೆದಂತೆ ಸೆಖೆ ಏರಿತು. ತಿರುವಣ್ಣಾಮಲೆಯ ಛತ್ರದಲ್ಲಿ ತಂಗಿ ಮಾರನೆಯ ದಿನ ಫ್ರೆಂಚರ ಸರಹದ್ದು ಮುಟ್ಟಿದೆವು. ಕೆಂಪು ಟೋಪಿಯ ಪೊಲೀಸಿನವನು ಮೊರವನ್ನು ಕೋಲಿನಿಂದ ತಟ್ಟಿ, ಇದು ಯಾರದೆಂದು ತಮಿಳಿನಲ್ಲಿ ಕೇಳಿದ, ನಮ್ಮ ಮುಖ ನೋಡಿ ತೆಲುಗಿನಲ್ಲಿ ಕೇಳಿದ. ವಿಧವೆಯದೆಂದರೆ ರಗಳೆಯಾದೀತೆಂದು ಗಂಡ ನನ್ನ ಕಡೆ ಕೈ ತೋರಿಸಿದ.

"ನಾದೇ," ಅಂದಳು ಅತ್ತೆ, ತನ್ನದೇ ಎಂದು. "ಕಾವಾಲಂಟೆ ತೀಸಿ ಚೂಡು." ಬೇಕಾದರೆ ತೆಗೆದು ನೋಡೆಂದರೂ ಅವನು ನೋಡಲಿಲ್ಲ, ಬಿಟ್ಟುಬಿಟ್ಟ.

ಊರು ಚೊಕ್ಕಟವಾಗಿತ್ತು, ಬೀದಿಗಳು ನೇರವಾಗಿದ್ದವು. ಅತ್ತೆಗೆ ಅದೊಂದೂ ಬೇಕಿರಲಿಲ್ಲ. ನೇರ ಮರಳಿಗೆ ಇಳಿದು ಎಡಕ್ಕೂ ಬಲಕ್ಕೂ ನೋಡಿದಳು.

"ಇದಕ್ಕೆ ಏರಿ ಎಲ್ಲೈತೇ?"

"ಏರಿ ಇಲ್ಲ ಅತ್ತೆ."

"ಹಂಗಾದ್ರೆ ನನ್ನ ದೂರ ನಿಲ್ಸೋಕೂ ಜಾಗ ಇಲ್ಲ ಬಿಡು."

ಮೊಣಕಾಲುದ್ದ ನೀರಿಗೆ ಹೋಗಿ, ಕೈ ಮುಗಿದು ಬಾಗಿನ ಬಿಟ್ಟಳು. ಅಲೆ ಅದನ್ನು ಎತ್ತಿ ತಂದು ಅವಳ ಕಾಲ ಬುಡಕ್ಕೇ ಎಸೆಯಿತು. ನಾವು ಕೆರೆ ಕಂಡ ಜನ. ಕೆರೆಗೆ ಬಿಟ್ಟ ಬಾಗಿನ ಹಿಂದಕ್ಕೆ ಬಂದಿದ್ದನ್ನು ಯಾರೂ ಕಂಡಿರಲಿಲ್ಲ. ಅತ್ತೆಯ ಮುಖ ಬಿಳಿಚಿಕೊಂಡಿತು.

"ಬ್ಯಾಡ ಅತ್ತೆಮ್ಮ, ಸಾಕು ಬನ್ನಿ," ಎಂದ ಗಂಡ. ಚಿಕ್ಕಪ್ಪನ ಮಾತೇ ನಿಜವಾಯಿತೇ ಎಂದು ನನಗೂ ಹೆದರಿಕೆಯಾಯಿತು. ಅತ್ತೆ ಮಾತ್ರ ಸೊಂಟದ ತನಕ ಇಳಿದು ಮತ್ತೆ ಬಿಟ್ಟಳು. ಸಮುದ್ರ ಮತ್ತೆ ಹಿಂದಕ್ಕೆ ಕೊಟ್ಟಿತು. ಮೊರ ಬಿಚ್ಚಿಕೊಂಡು ಬೇಳೆ ಚೆಲ್ಲಿತು. ದಾರ ಕಟ್ಟಿದ ಹಸಿರು ಬಳೆಗಳು ಮರಳಲ್ಲಿ ಬಿದ್ದವು.

ಅತ್ತೆ ಅಲ್ಲೇ ಕುಸಿದು ಕೂತಳು. ಬಳೆಗಳನ್ನು ಹೆಕ್ಕಿ ಮರಳು ಕೊಡವಿದಳು. ಆಮೇಲೆ ನಕ್ಕಳು.

"ಲೇ, ಮುತ್ತೈದೇರು ಬಾಗಿನ ಇಸ್ಕೊಂಡ್ರೆ ಬರಿಗೈಲಿ ಕಳಿಸ್ತಾರೇನೇ? ಎದುರು ಬಾಗಿನ ಕೊಡ್ತಾರೆ. ಗಂಗಮ್ಮ ನಂಗೆ ಕೊಟ್ಟವ್ಳೆ ಕಣೇ. ಹಾಕು!"

ಒದ್ದೆ ಕೈಗಳನ್ನು ಮುಂದೆ ಚಾಚಿದಳು. ಅಳುತ್ತಲೇ ತೊಡಿಸಿದೆ. ಗಂಡ ತಡೆಯಲಿಲ್ಲ, ಆ ಕಡೆ ತಿರುಗಿ ನಿಂತ.

ದೇವರಾಯಸಮುದ್ರಕ್ಕೆ ವಾಪಸ್ಸು ಬಂದಾಗ ಚಿಕ್ಕಪ್ಪ ಜಗಲಿಯ ಮೇಲಿದ್ದ. ಬಳೆ ಕಂಡವನೇ ಎದ್ದು ಬಂದ.

"ಯಾರೇ ತೊಡ್ಸಿದ್ದು? ತೆಗಿಯೇ!"

"ಗಂಗಮ್ಮ ಕೊಟ್ಟಿದ್ದು." ಅತ್ತೆ ಎರಡೂ ಕೈಗಳನ್ನು ಅವನ ಮುಖದ ಮುಂದೆ ಹಿಡಿದಳು. "ಬ್ಯಾಡ ಅಂತ ನೀನೇ ಹೋಗಿ ಅವಳಿಗೆ ಹೇಳು. ಇನ್ನೂರು ಮೈಲಿ. ಕಾರು ಇಲ್ಲೇ ಐತೆ, ಹತ್ತು."

ನಾನು ಇಂಜಿನ್ ಆರಿಸದೆ ಕಾದೆ. ಚಿಕ್ಕಪ್ಪ ಹತ್ತಲಿಲ್ಲ.